ಶಿರಾದ ಮೊದಲ ಮೊಘಲ್ ಫೌಜ್‌ದಾರ ಖಾಸಿಂ ಖಾನ್

ಔರಂಗಜೇಬನ ದಕ್ಷಿಣ ದಂಡಯಾತ್ರೆಯ ಸೇನಾನಿಗಳಲ್ಲಿ ಖಾಸಿಂ ಖಾನ್ ಒಬ್ಬ. ಬೆಂಗಳೂರನ್ನು ಹಿಡಿದು ಮೈಸೂರಿಗೆ ಮಾರಿದವನೂ ಶಿರಾವನ್ನು ಮೊಘಲ್ ಪ್ರಾಂತ್ಯದ ರಾಜಧಾನಿಯಾಗಿ ನೆಲೆಗೊಳಿಸಿದವನೂ ಇವನೇ. 1687ರಿಂದ 1695ರವರೆಗಿನ ಇವನ ಅಧಿಕಾರಾವಧಿ ವೇಗದ ಗೆಲುವಿನಿಂದ ಆರಂಭವಾಗಿ ದೊಡ್ಡೇರಿಯ ಸೋಲಿನಲ್ಲಿ ಮುಗಿಯಿತು.

ಹಿನ್ನೆಲೆ

ಕಳ್ಳಂಬೆಳ್ಳ, ಶಿರಾ ಸುತ್ತಲಿನ ಸೀಮೆ ಮೊಘಲರಿಗಿಂತ ಮೊದಲು ಬಿಜಾಪುರದ ಆದಿಲ್‌ಶಾಹಿಗಳ ಕೈಯಲ್ಲಿತ್ತು. ಶಿರಾದಲ್ಲಿರುವ ಮಲಿಕ್ ರಿಹಾನನ ಗೋರಿ ಆ ಕಾಲದ್ದು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಅದರ ದಕ್ಷಿಣದ ಪ್ರದೇಶಗಳನ್ನು ಹಿಡಿಯಲು ಮರುವರ್ಷ ಸೈನ್ಯ ಹೊರಟಿತು.

ಬೆಂಗಳೂರಿನ ವ್ಯವಹಾರ

ಪೆನುಕೊಂಡೆ, ತುಮಕೂರು ಮಾರ್ಗವಾಗಿ ಬಂದ ಖಾಸಿಂ ಖಾನ್ 1687ರ ಜುಲೈನಲ್ಲಿ ಬೆಂಗಳೂರನ್ನು ಹಿಡಿದ. ತಂಜಾವೂರಿನಲ್ಲಿದ್ದ ಮರಾಠ ದೊರೆ ಏಕೋಜಿ ತನ್ನ ವಶದಲ್ಲಿದ್ದ ಆ ಊರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಮಾರುವ ಮಾತುಕತೆಯಲ್ಲಿದ್ದಾಗಲೇ ಇದು ನಡೆಯಿತು. ಖಾನ್ ಅದೇ ಬೆಲೆಗೆ ಊರನ್ನು ಒಡೆಯರಿಗೆ ಬಿಟ್ಟುಕೊಟ್ಟ. ದೂರದ ಕೋಟೆಗೆ ಕಾವಲು ಹಾಕುವ ಹೊರೆ ತಪ್ಪಿತು, ಮೈಸೂರಿನ ಸ್ನೇಹವೂ ದಕ್ಕಿತು.

ಶಿರಾ ಪ್ರಾಂತ್ಯ

ಹೊಸ ಪ್ರಾಂತ್ಯದಲ್ಲಿ ಏಳು ಪರಗಣಗಳಿದ್ದವು: ಬಸವಾಪಟ್ಟಣ, ಬೂದಿಹಾಳ್, ಶಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ. ಹರಪನಹಳ್ಳಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ, ಮೈಸೂರುಗಳನ್ನು ಕಪ್ಪ ಕೊಡುವ ಸಂಸ್ಥಾನಗಳೆಂದು ಎಣಿಸಲಾಯಿತು. ಫೌಜ್‌ದಾರನಿಗೆ ದಂಡಿನ ಜೊತೆ ಕಂದಾಯದ ಹೊಣೆಯೂ ಇತ್ತು. ದೇಶಮುಖ, ದೇಶಪಾಂಡೆ, ಕಾನೂಗೋ ಮುಂತಾದ ಅಧಿಕಾರಿಗಳ ಮೂಲಕ ವಸೂಲಿ ನಡೆಯುತ್ತಿತ್ತು.

ದೊಡ್ಡೇರಿಯ ಸೋಲು

1695ರಲ್ಲಿ ಮರಾಠ ಸೇನಾನಿ ಸಂತಾಜಿ ಘೋರ್ಪಡೆಯನ್ನು ತಡೆಯುವಂತೆ ಖಾಸಿಂ ಖಾನನಿಗೆ ಆಜ್ಞೆಯಾಯಿತು. ನೆರವಿಗೆಂದು ಬಾದಶಹ ಕಳಿಸಿದ್ದ ಖಾನಾಜಾದ್ ಖಾನನ ಸತ್ಕಾರಕ್ಕಾಗಿ ಇವನು ಬೆಲೆಬಾಳುವ ಡೇರೆ, ಸರಂಜಾಮುಗಳನ್ನು ಮುಂದಾಗಿ ಸಾಗಿಸಿದ್ದ. ಸಂತಾಜಿಯ ಕುದುರೆ ದಂಡು ಮೊದಲು ಅದನ್ನೇ ದೋಚಿತು. ಹಗುರವಾಗಿ ಬಂದೆರಗಿ ಚದುರಿಹೋಗುವ ಮರಾಠರೆದುರು ಭಾರೀ ಸಾಮಾನಿನ ಮೊಘಲ್ ಸೈನ್ಯ ಕದಲಲಾಗಲಿಲ್ಲ. ಚಿತ್ರದುರ್ಗದ ಭರಮಣ್ಣ ನಾಯಕನೂ ಸಂತಾಜಿಯ ಪಕ್ಷದಲ್ಲಿದ್ದ.

ಖಾನ್ ಇಂದಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯ ಸಣ್ಣ ಕೋಟೆಗೆ ಹಿಮ್ಮೆಟ್ಟಿದ. ಮುತ್ತಿಗೆಯಲ್ಲಿ ದವಸ, ಮೇವು ಮುಗಿದವು. ಅಲ್ಲಿಯೇ ಅವನ ಸಾವು. ವಿಷ ಕುಡಿದನೆಂದು ಕೆಲವರು, ಅಫೀಮು ಸಿಗದೆ ಸತ್ತನೆಂದು ಕೆಲವರು ಬರೆದಿದ್ದಾರೆ. ಉಳಿದ ಸರದಾರರು ಇಪ್ಪತ್ತು ಲಕ್ಷ ರೂಪಾಯಿ ಕೊಡಲು ಒಪ್ಪಿಕೊಂಡು ತಮ್ಮನ್ನು ಬಿಡಿಸಿಕೊಂಡರು.

ನಂತರದ ಶಿರಾ

ಸೇನಾನಿ ಅಳಿದರೂ ಪ್ರಾಂತ್ಯ ಉಳಿಯಿತು. ಶಿರಾದ ಜುಮ್ಮಾ ಮಸೀದಿ 1696ರದು. 1757ರಲ್ಲಿ ಮರಾಠರು, 1761ರಲ್ಲಿ ಹೈದರ್ ಅಲಿ ಶಿರಾವನ್ನು ಗೆದ್ದರು. ಹೈದರನಿಗೆ ನಿಜಾಮನ ಸೋದರ ಬಸಾಲತ್ ಜಂಗ್ ಕೊಟ್ಟದ್ದು ಶಿರಾದ ನವಾಬನೆಂಬ ಪದವಿ. ಪ್ರಾಂತ್ಯ ಸ್ಥಾಪನೆಯಾಗಿ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಬಳಿಕವೂ ಈ ಊರಿನ ಅಧಿಕಾರಕ್ಕೆ ಅಷ್ಟು ತೂಕವಿತ್ತು.