ಸೊರಬ: ಹದಿಮೂರರಲ್ಲಿ ಹನ್ನೆರಡು

ಶಿವಮೊಗ್ಗ ಜಿಲ್ಲೆಯ ಸೊರಬ ಕ್ಷೇತ್ರದ ಲೆಕ್ಕ ಒಂದು ಸಲ ನೋಡಿ. 1967ರಿಂದ 2023ರವರೆಗೆ ಹದಿಮೂರು ಸಾರ್ವತ್ರಿಕ ಚುನಾವಣೆ. ಅದರಲ್ಲಿ ಹನ್ನೆರಡನ್ನು ಗೆದ್ದದ್ದು ಒಂದೇ ಮನೆಯವರು. ಮೊದಲ ಏಳು ಅಪ್ಪನದು, ಆಮೇಲಿನ ಐದು ಇಬ್ಬರು ಮಕ್ಕಳದು. ಹೊರಗಿನವರಿಗೆ ಸಿಕ್ಕಿದ್ದು 2008ರ ಒಂದೇ ಒಂದು. ಇದನ್ನು ಕೇಳಿದವರು ಥಟ್ಟನೆ ಹೇಳುವ ಮಾತು: 'ಜಾತಿ, ಇನ್ನೇನು?' ಜಾತಿ ಇಲ್ಲ ಅಂತ ಯಾರೂ ಹೇಳಲ್ಲ. ದೀವರ ಮತ ದೊಡ್ಡದು, ಬಂಗಾರಪ್ಪನವರೂ ದೀವರೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಸೊರಬ ಅರ್ಥ ಆಗಲ್ಲ.

ಕಥೆ ಶುರುವಾಗೋದು ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. 1951ರಲ್ಲಿ ಅಲ್ಲಿನ ಗೇಣಿದಾರರು ಒಡೆಯರ ಗದ್ದೆಗೆ ಇಳಿದು ಸತ್ಯಾಗ್ರಹ ಮಾಡಿದರು. ಜಗಳ ಹುಟ್ಟಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದಾದರೆ, ಉತ್ತವನ ಮನೆಗೆ ಉಳಿಯೋದೇನು? ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳು ಜತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಓಟು ಅಂದರೆ ಗದ್ದೆಯ ಪ್ರಶ್ನೆ ಅನ್ನೋದು ಈ ಸೀಮೆಯ ಜನರಿಗೆ ಹಾಗೆ ಮನದಟ್ಟಾಯ್ತು.

ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪ ಇದೇ ಗಾಳಿಯಲ್ಲಿ ಬೆಳೆದವರು. ಕಾನೂನು ಓದಿದರು, ಸಮಾಜವಾದಿ ಪಾಳಯ ಸೇರಿದರು, 1967ರಲ್ಲಿ ಗೆದ್ದರು. ಆಮೇಲೆ 1972, 78, 83, 85, 89, 94. ಒಮ್ಮೆಯೂ ಸೋಲಲಿಲ್ಲ. ಪಕ್ಷ ಮಾತ್ರ ನಿಂತಲ್ಲಿ ನಿಲ್ಲಲಿಲ್ಲ. ಸಮಾಜವಾದಿಯಿಂದ ಕಾಂಗ್ರೆಸ್, ಅಲ್ಲಿಂದ ಕ್ರಾಂತಿರಂಗ, 1983ರಲ್ಲಿ ಜನತಾ ಪಕ್ಷದ ಜತೆ. ಗೆದ್ದ ಮೇಲೆ ಮುಖ್ಯಮಂತ್ರಿ ಆದವರು ರಾಮಕೃಷ್ಣ ಹೆಗಡೆ. ಬಂಗಾರಪ್ಪ ಮುನಿಸಿಕೊಂಡು ಮತ್ತೆ ಕಾಂಗ್ರೆಸ್ಸಿಗೆ ಬಂದರು. 1994ರ ಹೊತ್ತಿಗೆ ತಮ್ಮದೇ ಕರ್ನಾಟಕ ಕಾಂಗ್ರೆಸ್ ಪಕ್ಷ. ಪ್ರತಿ ಸಲವೂ ಸೊರಬದವರು ಹೊಸ ಗುರುತು ಹುಡುಕಿ, ಹಳೇ ಮನುಷ್ಯನಿಗೇ ಒತ್ತಿದರು.

ಯಾಕೆ? ಕಾರಣ ಇತ್ತು. 1974ರ ಭೂಸುಧಾರಣೆ ದೇವರಾಜ ಅರಸರ ಸರ್ಕಾರದ್ದು. ಗೇಣಿದಾರರು 7ನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಂತರು, ಒಕ್ಕಲುಗಳು ಒಡೆಯರಾದರು. ಗೇಣಿ ಮುಗಿದ ಮೇಲೆ ಉಳಿದದ್ದು ಬಗರ್‌ಹುಕುಂ. ಸರ್ಕಾರಿ ಜಾಗದಲ್ಲಿ ಹಕ್ಕುಪತ್ರ ಇಲ್ಲದೇ ಉಳುಮೆ ಮಾಡುವವನ ಪಾಡು. ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ, 1991ರಲ್ಲಿ, ಭೂಕಂದಾಯ ಕಾಯ್ದೆಗೆ 94-ಎ ಕಲಂ ಸೇರಿ, ಇಂಥ ಸಾಗುವಳಿ ಸಕ್ರಮ ಮಾಡಲು ಸಮಿತಿಗಳಾದವು. ಆ ಸಮಿತಿಯಲ್ಲಿ ಶಾಸಕರಿಗೆ ಜಾಗ ಇದೆ. ಅಂದಮೇಲೆ ಶಾಸಕ ಯಾರು ಅನ್ನೋದು ರೈತನಿಗೆ ಬರೀ ಬಾವುಟದ ವಿಷಯ ಆಗಲ್ಲ. ತನ್ನ ಎರಡೆಕರೆ ಪಹಣಿಗೆ ಏರುತ್ತೋ ಇಲ್ಲವೋ ಅನ್ನೋ ವಿಷಯ. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ಕರೆಂಟು, ಆಶ್ರಯ ಮನೆ, ದೇವಸ್ಥಾನಗಳಿಗೆ ಆರಾಧನಾ: ಎಲ್ಲವೂ ಆ ಎರಡು ವರ್ಷಗಳವು. 'ನಮ್ಮ ಬಂಗಾರಪ್ಪ' ಅನ್ನೋ ಮಾತಿನ ಹಿಂದೆ ಇಷ್ಟೆಲ್ಲ ಇತ್ತು.

ಹಾಗಾದರೆ ಮನೆ ಹೇಳಿದ್ದೇ ವೇದವಾಕ್ಯವಾ? ಇಲ್ಲ. 1996ರಲ್ಲಿ ಬಂಗಾರಪ್ಪ ಲೋಕಸಭೆಗೆ ಹೋದಾಗ ಉಪಚುನಾವಣೆಯಲ್ಲಿ ಹಿರಿಮಗ, ಸಿನಿಮಾ ನಟ ಕುಮಾರ್ ಬಂಗಾರಪ್ಪ ಗೆದ್ದರು. 1999ರಲ್ಲೂ ಗೆದ್ದರು. 2004ಕ್ಕೆ ಮನೆ ಒಡೆಯಿತು. ಅಪ್ಪ ಬಿಜೆಪಿಯಿಂದ ಶಿವಮೊಗ್ಗ ಲೋಕಸಭೆಗೆ, ಕಿರಿಮಗ ಮಧು ಅದೇ ಪಕ್ಷದಿಂದ ಸೊರಬಕ್ಕೆ, ಎದುರಿಗೆ ಕಾಂಗ್ರೆಸ್ಸಿನಿಂದ ಅಣ್ಣ ಕುಮಾರ್. ಅಪ್ಪ ಲೋಕಸಭೆಗೆ ಗೆದ್ದರು, ಆದರೆ ಸೊರಬದಲ್ಲಿ ಅವರ ಪಕ್ಷದ ಮಗ ಸೋತರು. ದೊಡ್ಡವರ ಮಾತನ್ನೂ ಸೊರಬದವರು ಸೋಸಿಯೇ ತಗೊಂಡರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

2008ರಲ್ಲಿ ಅಣ್ಣ ಕಾಂಗ್ರೆಸ್, ತಮ್ಮ ಸಮಾಜವಾದಿ ಪಕ್ಷ. ಹೊಸನಗರ ಕ್ಷೇತ್ರ ಮರುವಿಂಗಡಣೆಯಲ್ಲಿ ಅಳಿಸಿಹೋಗಿದ್ದರಿಂದ ಸೊರಬಕ್ಕೆ ಬಂದ ಬಿಜೆಪಿಯ ಹರತಾಳು ಹಾಲಪ್ಪ ಇಬ್ಬರನ್ನೂ ಸೋಲಿಸಿದರು. 2011ರ ಡಿಸೆಂಬರ್ 26ರಂದು ಬಂಗಾರಪ್ಪ ತೀರಿಕೊಂಡರು. 2013ರಲ್ಲಿ ಜೆಡಿಎಸ್‌ನ ಮಧು ಗೆದ್ದರು. 2018ರಲ್ಲಿ ಬಿಜೆಪಿ ಸೇರಿದ್ದ ಕುಮಾರ್ 13,286 ಮತಗಳಿಂದ ತಮ್ಮನನ್ನು ಸೋಲಿಸಿದರು. 2023ರಲ್ಲಿ ಕಾಂಗ್ರೆಸ್ಸಿನ ಮಧು 44,262 ಮತಗಳಿಂದ ಅಣ್ಣನನ್ನು ಸೋಲಿಸಿ ಮಂತ್ರಿಯಾದರು. ಐದು ಸಲ ಅಣ್ಣ-ತಮ್ಮ ಎದುರುಬದುರು: ಎರಡು ಅಣ್ಣನಿಗೆ, ಎರಡು ತಮ್ಮನಿಗೆ, ಒಂದು ಇಬ್ಬರಿಗೂ ಇಲ್ಲ.

ಪೇಪರಿನವರಿಗೆ ಇದು ದಾಯಾದಿ ಕಾಳಗ. ಆದರೆ ಓಟು ಹಾಕುವವರ ಕಡೆಯಿಂದ ನೋಡಿದರೆ ಬೇರೆ ಕಾಣುತ್ತೆ. ಅಪ್ಪ ಏಳು ಸಲ ನಿಂತರೂ ಕೈಬಿಡದ ಜನ, 2004ರಿಂದೀಚೆಗೆ ಯಾರನ್ನೂ ಬೆನ್ನುಬೆನ್ನಿಗೆ ಎರಡು ಸಲ ಗೆಲ್ಲಿಸಿಲ್ಲ. ಮನೆ ಒಂದೇ ಆದರೂ ಬದಲಾಯಿಸುವ ದಾರಿಯನ್ನು ಅದರೊಳಗೇ ಕಂಡುಕೊಂಡಿದ್ದಾರೆ.

ನಷ್ಟವೂ ಇದೆ. ಪ್ರಚಾರದ ಹೊತ್ತೆಲ್ಲ ಅಪ್ಪನ ಹೆಸರಿಗೆ ನಿಜವಾದ ವಾರಸುದಾರ ಯಾರು ಅನ್ನೋದರಲ್ಲೇ ಕಳೆಯುತ್ತೆ. ಬಗರ್‌ಹುಕುಂ ಅರ್ಜಿ 50ನೇ ನಮೂನೆಯಿಂದ 53ಕ್ಕೆ, 2018ರಲ್ಲಿ 57ಕ್ಕೆ ಬಂತು. ಮಲೆನಾಡಿನಲ್ಲಿ ಕಾನು, ಸೊಪ್ಪಿನಬೆಟ್ಟ ಅಂತ ದಾಖಲೆಯಲ್ಲಿರುವ ಕಡೆ ತಕರಾರು ಬೇರೆ. ದಾಖಲೆ ಅರಣ್ಯ ಅಂದುಬಿಟ್ಟರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತೆ. ಕೇಂದ್ರದ ಒಪ್ಪಿಗೆ ಇಲ್ಲದೇ ಯಾವ ಶಾಸಕ ಇದ್ದರೂ ಜಮೀನು ಕೊಡಿಸಲಾಗಲ್ಲ. ಕೊಳಗದ ಅಳತೆ ಕೇಳಿದ ಗೇಣಿದಾರರಿಗೆ ಇಪ್ಪತ್ತಮೂರು ವರ್ಷದಲ್ಲಿ ಕಾನೂನು ಸಿಕ್ಕಿತು. 94-ಎ ಬಂದು ಮೂವತ್ತು ವರ್ಷ ದಾಟಿದೆ. ಮುಂದಿನ ಚುನಾವಣೆಯಲ್ಲಿ ಸೊರಬದವರು ಅಣ್ಣನೋ ತಮ್ಮನೋ ಅಂತ ಆರಿಸುವ ಮುಂಚೆ ಇಬ್ಬರಿಗೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ನಮ್ಮ ಅರ್ಜಿ ಎಲ್ಲಿಗೆ ಬಂತು?