ಗುಲಾಬಿಯ ನೆಗಡಿಯಿಂದ ಅಸ್ತಮಾದ ಸಂದೇಶಗಳವರೆಗೆ

ವಸಂತದಲ್ಲಿ ಗುಲಾಬಿಯ ಪರಿಮಳ ಸೋಕಿದೊಡನೆ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರಿಗೆ ನೆಗಡಿ ಹಿಡಿಯುತ್ತಿತ್ತು. ಅದೇಕೆಂದು ವಿವರಿಸಲೆಂದೇ ಅವರ ಸಮಕಾಲೀನ ವೈದ್ಯ ಅಬೂಬಕರ್ ಅರ್ರಾಝಿಯವರು ಸುಮಾರು 1,100 ವರ್ಷಗಳ ಹಿಂದೆ ಒಂದು ಕಿರುಗ್ರಂಥವನ್ನು ರಚಿಸಿದರು. ದೇಹರಸಗಳ ಏರುಪೇರೇ ರೋಗಕ್ಕೆ ಮೂಲವೆಂಬ ಅಂದಿನ ವೈದ್ಯಶಾಸ್ತ್ರದ ತಿಳಿವಳಿಕೆ ಇಂದು ನಿಲ್ಲುವುದಿಲ್ಲ. ಆದರೆ ಋತು, ಹೂವು, ರೋಗಿ ಈ ಮೂರನ್ನೂ ಒಂದೇ ಪ್ರಶ್ನೆಯೊಳಗೆ ತಂದದ್ದು ಸಣ್ಣ ಸಂಗತಿಯಲ್ಲವೆಂದು ನಾವು ಭಾವಿಸುತ್ತೇವೆ. ಹೂವು ಎಲ್ಲರಿಗೂ ಅದೇ ಹೂವು. ಬಳಲುವವರು ಕೆಲವರೇ ಏಕೆ?

ಉತ್ತರವು ರಕ್ತದಲ್ಲಿದೆಯೆಂದು 1921ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ಜರ್ಮನಿಯ ವೈದ್ಯ ಕ್ಯೂಸ್ಟ್ನರ್ ಅವರಿಗೆ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಸಹೋದ್ಯೋಗಿ ಪ್ರಾಸ್ನಿಟ್ಜ್ ತಮ್ಮದೇ ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿದಾಗ ದದ್ದು ಎದ್ದಿತು! ಆ ಸೀರಮ್ಮಿನಲ್ಲಿ ಅಡಗಿದ್ದ ಪ್ರೋಟೀನನ್ನು 1966ರಲ್ಲಿ ಅಮೆರಿಕದಲ್ಲಿದ್ದ ಜಪಾನಿ ದಂಪತಿ ಇಶಿಝಾಕಾ ಅವರು ಗುರುತಿಸಿದರು. ಅದೇ ಐಜಿಇ ಎಂಬ ಪ್ರತಿಕಾಯ.

ಹಾಗಾದರೆ ಐಜಿಇ ತಯಾರಿಸೆಂದು ಆಜ್ಞಾಪಿಸುವವರಾರು? ರೋಗನಿರೋಧಕ ಕೋಶಗಳು ಪರಸ್ಪರ ಕಳುಹಿಸುವ ಸಂದೇಶ ಪ್ರೋಟೀನುಗಳು, ಅಂದರೆ ಸೈಟೋಕೈನುಗಳು. ಅವುಗಳಲ್ಲಿ ಇಂಟರ್‌ಲ್ಯೂಕಿನ್-4 ಐಜಿಇ ಉತ್ಪಾದನೆಗೆ ಪ್ರೇರಣೆ ನೀಡುತ್ತದೆ. ಇಂಟರ್‌ಲ್ಯೂಕಿನ್-5 ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಬೆಳೆಸಿ, ಹೆಚ್ಚು ಕಾಲ ಬದುಕಿಸುತ್ತದೆ. ಇಂಟರ್‌ಲ್ಯೂಕಿನ್-13 ಶ್ವಾಸನಾಳದಲ್ಲಿ ಕಫವನ್ನು ಹೆಚ್ಚಿಸಿ, ನಾಳವು ಸುಲಭವಾಗಿ ಬಿಗಿಯುವಂತೆ ಮಾಡುತ್ತದೆ. ಧೂಳಿನ ನುಸಿಯಾಗಲಿ, ಹೂವಿನ ಪರಾಗವಾಗಲಿ ತಾನಾಗಿ ವಿಷವಲ್ಲ. ಅದನ್ನು ಶತ್ರುವೆಂದು ಬಗೆದ ನಮ್ಮದೇ ಕಾವಲು ಪಡೆಯ ಗದ್ದಲವೇ ಅಲರ್ಜಿಯ ಅಸ್ತಮಾ. ಸ್ಟೀರಾಯ್ಡ್ ಇನ್‌ಹೇಲರ್ ತಗ್ಗಿಸುವುದೂ ಈ ಗದ್ದಲವನ್ನೇ. ಉಬ್ಬಸ ನಿಂತಿತೆಂದು ಮಗುವಿನ ಔಷಧಿಯನ್ನು ತಾವಾಗಿಯೇ ನಿಲ್ಲಿಸುವ ಮನೆಗಳು ಇದನ್ನು ಗಮನಿಸಬೇಕು: ಸದ್ದಡಗಿದ ಮೇಲೂ ನಾಳದೊಳಗಿನ ಉರಿಯೂತ ಉಳಿದಿರಬಹುದು.

ಸಂದೇಶವನ್ನೇ ತಡೆದರೆ ರೋಗ ತಗ್ಗಬೇಕಲ್ಲವೇ? ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೋಲಿಝುಮಾಬ್ ಔಷಧಿಯ ಆರಂಭದ ಪ್ರಯೋಗಗಳು ನಿರಾಶೆಯನ್ನೇ ತಂದವು. ಔಷಧಿಯಲ್ಲಿ ಹುರುಳಿಲ್ಲವೆಂದು ಅದನ್ನು ಅಲ್ಲಿಗೇ ಕೈಬಿಡಬಹುದಾಗಿತ್ತು. ಆದರೆ ಅಸ್ತಮಾ ಇದ್ದವರೆಲ್ಲರನ್ನೂ ಒಟ್ಟಿಗೆ ಸೇರಿಸದೆ, ಇಯೊಸಿನೊಫಿಲ್ ಹೆಚ್ಚಿದ್ದ ರೋಗಿಗಳನ್ನೇ ಆರಿಸಿ ನೀಡಿದಾಗ ತೀವ್ರ ಉಬ್ಬಸದ ದಾಳಿಗಳು ಕಡಿಮೆಯಾದವು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. 2015ರಲ್ಲಿ ಅಮೆರಿಕದಲ್ಲಿ ಔಷಧಿಗೆ ಅನುಮತಿ ದೊರೆಯಿತು. ತೀವ್ರ ಅಸ್ತಮಾದ ರೋಗಿಗೆ ಈ ಚುಚ್ಚುಮದ್ದನ್ನು ನೀಡುವ ಮುನ್ನ ವೈದ್ಯರು ಇಂದು ಆತನ ರಕ್ತದಲ್ಲಿರುವ ಇಯೊಸಿನೊಫಿಲ್‌ಗಳನ್ನು ಎಣಿಸುತ್ತಾರೆ.