ಕಂಠೀರಾಯಿ ಹಣ ಎಲ್ಲಿ ಹೋಯ್ತು?

ನಮ್ಮ ಕಂದಿಕೆರೆ ಕಡೆ ಜಿಪುಣನನ್ನು ಬೈಯುವಾಗ "ಒಂದು ಕಾಸೂ ಬಿಚ್ಚಲ್ಲ ಮಾರಾಯ" ಅಂತೀವಿ. ಕಾಸು ಕೊಟ್ಟು ಸಾಮಾನು ತಂದವರು ಮಾತ್ರ ಊರಲ್ಲಿ ಯಾರೂ ಉಳಿದಿಲ್ಲ. 'ಹಣ'ದ ಕಥೆಯೂ ಅಷ್ಟೇ. ಇವತ್ತು ಅದು ದುಡ್ಡಿಗೆ ಇನ್ನೊಂದು ಹೆಸರು. ಒಂದು ಕಾಲಕ್ಕೆ ಅದೇ ಒಂದು ನಾಣ್ಯ, ಮೈಸೂರು ಸೀಮೆಯ ಸ್ವಂತ ನಾಣ್ಯ.

ಅಚ್ಚು ಹಾಕಿಸಿದವರು ರಣಧೀರ ಕಂಠೀರವ ನರಸರಾಜ ಒಡೆಯರು (1638-1659). ಅವರ ಹೆಸರಿನಿಂದಲೇ ಕಂಠೀರಾಯಿ ಹಣ. ಒಂದು ಮುಖದಲ್ಲಿ ನರಸಿಂಹ. ಚಿನ್ನದ್ದೇ, ಆದರೆ ಅರ್ಧ ಗ್ರಾಂ ಕೂಡ ತೂಗಲ್ಲ, ತೊಗರಿಬೇಳೆಯಷ್ಟು ಗಾತ್ರ. ಕೈಜಾರಿ ತೋಟದಲ್ಲಿ ಬಿದ್ದರೆ ಮುಗೀತು! ಅರ್ಧ ಹಣಕ್ಕೆ ಅಡ್ಡ, ಕಾಲು ಹಣಕ್ಕೆ ಹಾಗ, ಹತ್ತು ಹಣಕ್ಕೆ ಒಂದು ಕಂಠೀರಾಯಿ ವರಹ (ನಾವೆಲ್ಲ ಟೈಪ್ ಮಾಡಿದ 'ಬರಹ' ಅಲ್ಲ, ವರಹ). ತಮಾಷೆ ಅಂದ್ರೆ ಈ ಕಂಠೀರಾಯಿ ವರಹ ಇದ್ದಿದ್ದು ಬರೀ ಲೆಕ್ಕದ ಪುಸ್ತಕದಲ್ಲಿ, ಕೈಗೆ ಬರ್ತಿದ್ದದ್ದು ಹಣವೇ.

ಆಮೇಲೆ ಹೈದರ್ ಬಂದ, ವರಹದ ಮೇಲೆ ಶಿವಪಾರ್ವತಿಯರನ್ನು ಅಚ್ಚು ಹಾಕಿಸಿದ. ಟಿಪ್ಪು ತಾಮ್ರದ ಕಾಸಿನ ಮೇಲೆ ಆನೆ ನಿಲ್ಲಿಸಿದ. ಆದರೂ ಕಂಠೀರಾಯಿ ಲೆಕ್ಕ ಸಾಯಲಿಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕನನ್ ನಮ್ಮ ಚಿಕ್ಕನಾಯಕನಹಳ್ಳಿ ಮೇಲೆ ಹಾದುಹೋದ. 1807ರಲ್ಲಿ ಬಂದ ಅವನ ಪುಸ್ತಕ ತೆಗೆದರೆ ಬೆಲೆ, ಕೂಲಿ, ಕಂದಾಯ ಎಲ್ಲದರಲ್ಲೂ ಕಂಠೀರಾಯಿ ಹಣ ಸಿಗುತ್ತೆ. ದಿವಾನ್ ಪೂರ್ಣಯ್ಯನವರು ಹಣವನ್ನು ಮತ್ತೆ ಅಚ್ಚು ಹಾಕಿಸಿದರು.

ಕಷ್ಟ ಶುರುವಾಗಿದ್ದು ಇಲ್ಲೇ. 1799ರ ಒಪ್ಪಂದದ ಪ್ರಕಾರ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕಿತ್ತು. ಅದು ಮದರಾಸಿನ ನಾಣ್ಯ! ರೈತ ಕಟ್ಟೋದು ಒಂದು ನಾಣ್ಯ, ಕಪ್ಪ ಹೋಗೋದು ಇನ್ನೊಂದರಲ್ಲಿ. ನಾಣ್ಯ ಬದಲಿಸಿದಾಗಲೆಲ್ಲ ಸರಾಫನಿಗೆ ವಟ್ಟ. ತನ್ನ ನಾಣ್ಯದ ಬೆಲೆಯನ್ನು ಬೇರೆಯವರು ಹೇಳುವ ಸ್ಥಿತಿ ಬಂದ ಮೇಲೆ ಅದು ಎಷ್ಟು ದಿನ ಬದುಕೀತು?

1831ರಲ್ಲಿ ಆಡಳಿತವೇ ಬ್ರಿಟಿಷರ ಕೈಗೆ ಹೋಯ್ತು. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು, 1843ರಲ್ಲಿ ಬಾಗಿಲು ಹಾಕ್ತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು' ಅಂತ ಇದೆ. ನೋಡಿದಾಗಲೆಲ್ಲ ನನಗೆ ಖುಷಿ, ಹಿಂದೆಯೇ ಬೇಜಾರು. ಆಮೇಲೆ ಎಲ್ಲ ರೂಪಾಯಿ ಲೆಕ್ಕ: ಹಣಕ್ಕೆ 4 ಆಣೆ 8 ಪೈ, ವರಹಕ್ಕೆ 2 ರೂಪಾಯಿ 14 ಆಣೆ 8 ಪೈ. ಒಂದು ರೂಪಾಯಿಗೆ ಮೂರೂ ಚಿಲ್ಲರೆ ಹಣ. ಓದು ಬಾರದ ರೈತ ಈ ವಕ್ರ ಲೆಕ್ಕದಲ್ಲಿ ಶಾನುಭೋಗರು ಹೇಳಿದ್ದಕ್ಕೆ ತಲೆಯಾಡಿಸದೆ ಇನ್ನೇನು ಮಾಡಿಯಾನು?

1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಟ್ಟರು. ಆ ಕರಾರುಪತ್ರದಲ್ಲಿ, ಬಹುಕಾಲದಿಂದ ನಿಂತಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಶುರು ಮಾಡಕೂಡದು ಅಂತ ಒಂದು ಮಾತಿದೆ. ಸತ್ತು 38 ವರ್ಷವಾದ ನಾಣ್ಯಕ್ಕೂ ನಿಷೇಧ! ಅತ್ತ ನಿಜಾಮನಿಗೆ ಈ ಕಟ್ಟು ಇರಲಿಲ್ಲ. ಬೀದರ್, ಕಲಬುರಗಿ, ರಾಯಚೂರಿನಲ್ಲಿ 1950ರ ದಶಕದವರೆಗೂ ಹಾಲಿ ಸಿಕ್ಕಾ ನಡೀತಿತ್ತು. ಅಂಥ ಏಳು ರೂಪಾಯಿಗೆ ಬ್ರಿಟಿಷರ ಆರು.

ಇಷ್ಟಾದರೂ ಜನ ಬಿಡಲಿಲ್ಲ ನೋಡಿ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮೈಸೂರು ಸಂಸ್ಥಾನದ ಜಾತಿಗಳ ಬಗ್ಗೆ ಎಚ್. ವಿ. ನಂಜುಂಡಯ್ಯನವರು ಬರೆದದ್ದನ್ನು ಓದಿದರೆ, ಹೆಣ್ಣಿಗೆ ಕೊಡುವ ತೆರ ಇನ್ನೂ ವರಹದ ಲೆಕ್ಕದಲ್ಲೇ ಇದೆ. ಹಲವು ಜಾತಿಗಳಲ್ಲಿ ಹನ್ನೆರಡು ವರಹ. ನಾನು ಸರ್ಕಾರಿ ದರದಲ್ಲಿ ಗುಣಿಸಿ ನೋಡಿದೆ. ಸರಿಯಾಗಿ 35 ರೂಪಾಯಿ, ಒಂದು ಪೈ ಹೆಚ್ಚಿಲ್ಲ, ಕಮ್ಮಿ ಇಲ್ಲ.